‘ಲಾಂಚ್ ಬರುವ ತನಕ’ ಪೂರ್ತಿ ಕೇಳಿದವರು

ಹೊಸನಗರದಲ್ಲಿ ನಮ್ಮದೊಂದು ಪೂಜಾ ಸಾಮಾನಿನ ಅಂಗಡಿ. ಕರ್ಪೂರ ಕೊಳ್ಳಲು ಬಂದವರು ಬರೀ ಕರ್ಪೂರ ಕೊಂಡು ಹೋದ ದಿನ ನನಗೆ ನೆನಪಿಲ್ಲ. ಹೋಗುವಾಗ ಒಂದು ಅಭಿಪ್ರಾಯ ಕೊಟ್ಟೇ ಹೋಗುತ್ತಾರೆ. ಮಳೆಯ ಬಗ್ಗೆ, ಮಂತ್ರಿಯ ಬಗ್ಗೆ, ಯಾವುದೂ ಸಿಗದಿದ್ದರೆ ನನ್ನ ಹೊಟ್ಟೆಯ ಬಗ್ಗೆ. ಕೇಳದೆ ಅಭಿಪ್ರಾಯ ಕೊಡುವ ಇಂಥ ಸೀಮೆಯಲ್ಲಿ, ಕೇಳಿ ಒಂದು ಅಭಿಪ್ರಾಯ ಪಡೆಯುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತಾದದ್ದು ತಂಗಿಯ ಮಗಳ ಆಲ್ಬಮ್ಮಿನಿಂದ.

ಅರಿಶಿನ ಹಚ್ಚಿದ ಪುಸ್ತಕ

ತಂಗಿಯ ಮಗಳಿಗೆ ಸಾಗರದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹಗಲೆಲ್ಲ ಬೇರೆಯವರ ಬೆರಳು ಚುಚ್ಚುತ್ತಾಳೆ, ಸಂಜೆಯಾದರೆ ಗಿಟಾರಿನ ತಂತಿಯಲ್ಲಿ ತನ್ನ ಬೆರಳು ಸವೆಸುತ್ತಾಳೆ. ಅವಳೂ ಅವಳ ಮೂವರು ಸ್ನೇಹಿತರೂ ಸೇರಿ, ಬಾಗಿಲು ಮುಚ್ಚಿದ ಒಂದು ಹಳೆಯ ಅಕ್ಕಿ ಗಿರಣಿಯೊಳಗೆ ಕೂತು ಒಂದು ಆಲ್ಬಂ ಮಾಡಿದರು. ಹೆಸರು ‘ಲಾಂಚ್ ಬರುವ ತನಕ’. ಶರಾವತಿ ಹಿನ್ನೀರಿನ ದಡದಲ್ಲಿ, ಹೊಳೆ ದಾಟಿಸುವ ಲಾಂಚಿಗೆ ಕಾದು ಕೂತವರ ಮನಸ್ಸು ಅದರಲ್ಲಿದೆಯಂತೆ. ಐದು ತುಣುಕು, ಒಟ್ಟು ಒಂದು ಗಂಟೆ. ಮಾತಿಲ್ಲ, ಹಾಡಿಲ್ಲ. ಒಂದು ತಂತಿ ಟಿಂ ಅನ್ನುತ್ತದೆ. ಬಹಳ ಹೊತ್ತು ಯೋಚನೆ ಮಾಡಿ ಇನ್ನೊಂದು ಸಲ ಟಿಂ ಅನ್ನುತ್ತದೆ. ಹಾಗೇ ಏರುತ್ತ ಏರುತ್ತ, ಕೊನೆಗೆ ಕೆರೆಯ ದಂಡೆ ಒಡೆದ ಹಾಗೆ ಗಿಟಾರು, ಡ್ರಮ್ಮು ಎಲ್ಲ ಒಟ್ಟಿಗೆ ನುಗ್ಗುತ್ತವೆ. ಇದಕ್ಕೆ ಪೋಸ್ಟ್ ರಾಕ್ ಎನ್ನುತ್ತಾರೆಂದು ಅವಳೇ ಹೇಳಿದ್ದು.

ಫೋನಿನಲ್ಲಿ ಯಾರು ಬೇಕಾದರೂ ಕೇಳಲಿ ಎಂದು ಬಿಟ್ಟು ವರ್ಷ ಕಳೆದಿತ್ತು. ಕೇಳಿದವರನ್ನು ಕೈಬೆರಳಿನಲ್ಲಿ ಎಣಿಸಬಹುದು. ಅದರಲ್ಲಿ ನಾಲ್ಕು ಬೆರಳು ನುಡಿಸಿದವರದ್ದೇ.

ಯುಗಾದಿಗೆ ಬಂದವಳು ಜಗಲಿಯಲ್ಲಿ ಕೂತು ಹೇಳಿದಳು. “ಮಾವ, ಗಿಟಾರ್ ಕೊಟ್‌ಬಿಡ್ತೀನಿ. ತೀರ್ಥಹಳ್ಳಿ ಆರ್ಕೆಸ್ಟ್ರಾದವ್ರು ಕೇಳ್ತಿದಾರೆ.”

“ಎಂತಕ್ಕೆ? ಯಾರಾದ್ರೂ ಬೈದ್ರಾ?”

“ಬೈದಿದ್ರೆ ಬೇಜಾರಿರ್ಲಿಲ್ಲ. ಬೈಯೋಕಾದ್ರೂ ಕೇಳ್ಬೇಕಲ್ಲ ಮಾವ! ಒಬ್ರೇ ಒಬ್ರು ಮೊದಲಿಂದ ಕೊನೆ ತನಕ ಕೇಳಿ, ಚೆಂದ ಇಲ್ಲ ಅಂತಾದ್ರೂ ಹೇಳ್ಲಿ, ಇಟ್ಕೊಳ್ತೀನಿ. ಗಣಪತಿ ಹಬ್ಬದ ತನಕ ನೋಡ್ತೀನಿ, ಅಷ್ಟೇ.”

ಒಬ್ಬರೇ ತಾನೆ, ನಾನು ಹುಡುಕಿಕೊಡುತ್ತೇನೆ ಎಂದೆ. ಹೊಸ ನೋಟುಬುಕ್ಕು ತೆಗೆದು, ಮೇಲೆ ‘ಶ್ರೀ’ ಬರೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು ಕೈಮುಗಿದು ತೆಗೆದುಕೊಂಡೆ. ಅಲ್ಲೇ ನಾನು ಸಿಕ್ಕಿಬಿದ್ದದ್ದು. ಅರಿಶಿನ ಹಚ್ಚಿದ ಪುಸ್ತಕದಲ್ಲಿ ಸುಳ್ಳು ಬರೆಯಲು ಕೈ ಬರುವುದಿಲ್ಲ.

ಮೊದಲ ಹೆಸರು ನನ್ನದೇ ಇರಲಿ ಎಂದು ಆ ಮಧ್ಯಾಹ್ನವೇ ಕೇಳಲು ಕೂತೆ. ಎಚ್ಚರವಾದಾಗ ದೇವರಿಗೆ ದೀಪ ಹಚ್ಚುವ ಹೊತ್ತು. ಮರುದಿನ ಕುರ್ಚಿ ಬಿಟ್ಟು ಮಣೆಯ ಮೇಲೆ ಕೂತೆ. ಮಣೆಯ ಮೇಲೂ ನಿದ್ರೆ ಬರುತ್ತದೆ ಎಂದು ಅಂದು ಗೊತ್ತಾಯಿತು. ಮೂರನೆಯ ದಿನ ನಿಂತುಕೊಂಡೇ ಕೇಳಿದೆ. ಕಂಬ ಹತ್ತಿರವಿದ್ದುದು ತಪ್ಪಾಯಿತು. ಎರಡನೆಯ ತುಣುಕಿನ ಆಚೆ ದಡವನ್ನು ನಾನು ಕಾಣಲೇ ಇಲ್ಲ. ಮೊದಲ ಪುಟದಲ್ಲಿ ‘ಅಂಗಡಿ ಯಜಮಾನ: ಒಂದೂವರೆ ತುಣುಕು. ನಿದ್ರೆ ಒಳ್ಳೆಯದು ಬಂತು’ ಎಂದು ಬರೆದು ರುಜು ಹಾಕಿದೆ.

ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿ ತೆರೆದು, ದೀಪ ಹಚ್ಚಿ, ಆಲ್ಬಂ ಹಾಕುವುದು ನನ್ನ ನೇಮವಾಯಿತು. ಹಾಕಿದ ಮೇಲೆ ನನ್ನ ಕಿವಿ ಗಿರಾಕಿಗಳ ಕಡೆ, ಗಿರಾಕಿ ಇಲ್ಲದಿದ್ದರೆ ನಿದ್ರೆಯ ಕಡೆ. ಮನೆ ಅಂಗಡಿಯ ಹಿಂದೆಯೇ. ಸ್ವಲ್ಪ ತಡವಾದರೆ ಹೆಂಡತಿ ಅಡಿಗೆಮನೆಯಿಂದ “ಇವತ್ತು ಇನ್ನೂ ಶುರು ಆಗ್ಲಿಲ್ವಾ ನಿಮ್ಮದು?” ಎಂದು ಕೂಗುವಳು. ಗದರುತ್ತಿದ್ದಾಳೆ ಎಂದು ನಾನು ದನಿ ತಗ್ಗಿಸುವೆ. ತಗ್ಗಿಸಿದರೆ “ಎಂತದೂ ಕೇಳ್ತಿಲ್ಲ!” ಎಂದು ಮತ್ತೆ ಕೂಗುವಳು. ಇವಳನ್ನು ಒಪ್ಪಿಸುವುದು ಈ ಜನ್ಮದಲ್ಲಿ ಆಗದ ಕೆಲಸವೆಂದು ಸುಮ್ಮನಾಗುವೆ.

ವಂದನಾರ್ಪಣೆ

ಅಂಗಡಿಯಲ್ಲಿ ಮೊದಲು ಸಿಕ್ಕಿದವರು ನಿವೃತ್ತ ಹೆಡ್‌ಮಾಸ್ತರರು. ಊದುಬತ್ತಿಗೆ ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಬೆಲ್ಲ-ನೀರು ಕೊಟ್ಟು, ಸಂಗತಿ ಹೇಳಿದೆ.

“ಆಗ್ಲಿ, ಅದಕ್ಕೆಂತ. ನಾನು ಪೂರ್ತಿ ಕೇಳ್ತೀನಿ” ಎಂದು ಕೊಡೆಯನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ನೆಟ್ಟಗೆ ಕೂತರು. ಒಂದನೆಯ ತುಣುಕು ಮುಗಿಯಿತು. “ಹಾಡೋರು ಇನ್ನೂ ಬಂದಿಲ್ವಾ?”

“ಹಾಡೋರು ಇಲ್ಲ ಮೇಷ್ಟ್ರೇ.”

“ಛೆ, ಇರ್ತಾರೆ. ಇಷ್ಟೆಲ್ಲ ತಯಾರಿ ಸುಮ್ನೆ ಮಾಡ್ತಾರಾ?”

ಎರಡನೆಯದೂ ಮುಗಿಯಿತು. “ಈಗ ಬರ್ತಾರೆ ನೋಡು” ಎಂದರು. ಮೂರನೆಯ ತುಣುಕಿನ ನಡುವೆ ಒಂದು ದೊಡ್ಡ ಮೌನವಿದೆ. ಲಾಂಚು ಆಚೆ ದಡದಲ್ಲಿ ನಿಂತು ಹೊರಡದೆ ಇರುವ ಹೊತ್ತಂತೆ ಅದು. ಮೇಷ್ಟ್ರಿಗೆ ನಲವತ್ತು ವರ್ಷದ ಅಭ್ಯಾಸ. ಸದ್ದು ನಿಂತದ್ದೇ ಎದ್ದುನಿಂತರು. ಮೂರು ಸಲ ಚಪ್ಪಾಳೆ ತಟ್ಟಿ, ಊದುಬತ್ತಿಯ ಕಟ್ಟನ್ನು ಮೈಕಿನ ಹಾಗೆ ಹಿಡಿದು, “ಈ ಸುಂದರ ಕಾರ್ಯಕ್ರಮಕ್ಕೆ ಸ್ಥಳಾವಕಾಶ ಮಾಡಿಕೊಟ್ಟ ಅಂಗಡಿಯ ಮಾಲೀಕರಿಗೂ, ಬೆಲ್ಲ-ನೀರಿನ ವ್ಯವಸ್ಥೆ ಮಾಡಿದ...” ಎನ್ನುವಷ್ಟರಲ್ಲಿ ಡ್ರಮ್ಮು ನುಗ್ಗಿತು.

ಮೇಷ್ಟ್ರ ಮುಖ ಕೆಂಪಾಯಿತು. ಕೊಡೆ ತೆಗೆದುಕೊಂಡರು. “ವಂದನಾರ್ಪಣೆ ಆದ್ಮೇಲೆ ಕಾರ್ಯಕ್ರಮ ಮುಂದುವರಿಸೋದು ನನ್ನ ಸರ್ವಿಸ್ಸಲ್ಲೇ ನೋಡಿಲ್ಲ” ಎಂದು ಮೆಟ್ಟಿಲಿಳಿದರು.

ಪುಸ್ತಕದಲ್ಲಿ ಬರೆದೆ: ‘ಎರಡೂವರೆ ತುಣುಕು. ಶಿಸ್ತು ಸಾಲದು.’

ಹಿಂದಿನ ಚಕ್ರ

ಹೊಸನಗರದಿಂದ ಸಾಗರಕ್ಕೆ ಹೋಗುವ ಬಸ್ಸಿನ ಡ್ರೈವರು ನಮ್ಮ ಗಿರಾಕಿ. ಸ್ಟಿಯರಿಂಗಿನ ಮುಂದಿರುವ ದೇವರ ಪಟಕ್ಕೆ ವಾರಕ್ಕೊಮ್ಮೆ ಗಂಧದ ಮಾಲೆ ಒಯ್ಯುತ್ತಾನೆ. ಬಸ್ಸಿನಲ್ಲಿ ಹಾಕು ಎಂದು ಅವನಿಗೊಂದು ಪೆನ್‌ಡ್ರೈವ್ ಕೊಟ್ಟೆ. ಸಾಗರದ ತನಕ ಜನ ಇಳಿದು ಹೋಗುವಂತಿಲ್ಲ, ಕೇಳಲೇಬೇಕು ಎಂದು ನನ್ನ ಲೆಕ್ಕಾಚಾರ. ನಾನೂ ಪುಸ್ತಕ ಹಿಡಿದು ಹತ್ತಿದೆ.

ಒಂದನೆಯ ತುಣುಕು ಶುರುವಾಗುವುದು ಒಂದು ದಪ್ಪ ದನಿಯಿಂದ. ಊಂ ಎಂದು ಎಲ್ಲಿಂದಲೋ ಬರುತ್ತದೆ, ಬರುತ್ತಲೇ ಇರುತ್ತದೆ. ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ಇನ್ನೂ ಬಂದಿರಲಿಲ್ಲ, ಡ್ರೈವರು ಗಾಡಿ ನಿಧಾನ ಮಾಡಿದ. ಕಿವಿ ಓರೆ ಮಾಡಿದ. ಕಂಡಕ್ಟರನಿಗೆ, “ಎಂತದಾ ಅದು? ಹಿಂದಿನ ಚಕ್ರನಾ?”

“ಬೇರಿಂಗ್ ಅನ್ಸುತ್ತಪ್ಪ.”

ಹಿಂದಿನ ಸೀಟಿನವರೊಬ್ಬರು “ಬೇರಿಂಗ್ ಹಿಂಗೆ ಕೂಗಲ್ಲ, ಗೇರ್‌ಬಾಕ್ಸು” ಎಂದರು. ಬಾಳೆಗೊನೆ ಇಟ್ಟುಕೊಂಡಿದ್ದ ಹೆಂಗಸು “ನಂಗೆ ಹತ್ತುವಾಗ್ಲೇ ಗೊತ್ತಾಗಿತ್ತು” ಎಂದಳು. ಬಸ್ಸು ನಿಂತಿತು. ಕಂಡಕ್ಟರು ಇಳಿದು ಚಕ್ರಕ್ಕೆ ಕಿವಿಯಿಟ್ಟ. ಏನೂ ತಿಳಿಯಲಿಲ್ಲ. “ಇಂಜಿನ್ ಆಫ್ ಮಾಡಣ್ಣ” ಎಂದು ಕೂಗಿದ.

ಡ್ರೈವರು ಇಂಜಿನ್ ಆಫ್ ಮಾಡಿದ. ದನಿ ನಿಲ್ಲಲಿಲ್ಲ. ಬಸ್ಸಿನೊಳಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬಾಳೆಗೊನೆಯ ಹೆಂಗಸು ಗೊನೆ ಸಮೇತ ಇಳಿದಳು.

ನಾನು ಮಾತು ಶುರು ಮಾಡುವುದು ಸ್ವಲ್ಪ ನಿಧಾನ. ನಾನು ಗಂಟಲು ಸರಿಮಾಡಿಕೊಂಡು “ಅದು...” ಎನ್ನುವ ಹೊತ್ತಿಗೆ ಅರ್ಧ ಬಸ್ಸು ರಸ್ತೆಯಲ್ಲಿತ್ತು, ಡ್ರೈವರು ಮೆಕ್ಯಾನಿಕ್ಕಿಗೆ ಫೋನು ಹಚ್ಚಿದ್ದ. ಫೋನಿನಲ್ಲೇ ದನಿ ಕೇಳಿದ ಮೆಕ್ಯಾನಿಕ್ಕು, “ಗಾಡಿ ಅಲುಗಾಡಿಸ್ಬೇಡ, ನಾನು ಬರೋ ತನಕ ಯಾರೂ ಮುಟ್ಬೇಡಿ” ಎಂದನಂತೆ. ಕೊನೆಗೆ ನಾನೇ ಹೋಗಿ ಪೆನ್‌ಡ್ರೈವ್ ಎಳೆದೆ. ಕಾಡು ತಣ್ಣಗಾಯಿತು.

ಡ್ರೈವರು ನನ್ನ ಕೈಯಲ್ಲಿದ್ದ ಪೆನ್‌ಡ್ರೈವ್ ನೋಡಿದ. ಮತ್ತೆ ಫೋನು ಕಿವಿಗಿಟ್ಟು ಹೇಳಿದ: “ಬರ್ಬೇಡ ಮಾರಾಯ. ಬೇರಿಂಗ್ ಸರಿ ಇದೆ. ಹಾಡು ರಿಪೇರಿಗೆ ಬಂದಿದೆ.”

ರಾಕ್ಷಸ ಬರಲಿಲ್ಲ

ಮೇಳಿಗೆ ಊರಿನ ಕಡೆ ನಮ್ಮ ನೆಂಟರಲ್ಲಿ ಒಬ್ಬರು ಹಿರಿಯ ಭಾಗವತರಿದ್ದಾರೆ. ಯಕ್ಷಗಾನದಲ್ಲಿ ಹಾಡಿ ಹಾಡಿ ಈಗ ಮನೆಯಲ್ಲಿ ಕೂತವರು. ಬೆಳಗಿನ ತನಕ ಆಟ ಆಡಿಸಿದವರಿಗೆ ಒಂದು ಗಂಟೆ ಯಾವ ಲೆಕ್ಕ ಎಂದು ಅವರ ಮನೆಗೆ ಹೋದೆ.

ಕಣ್ಣುಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಒಂದು, ಎರಡು, ಮೂರು ತುಣುಕು ಮುಗಿದವು. ಒಂದೂ ಮಾತಿಲ್ಲ. ನನಗೆ ಒಳಗೊಳಗೇ ಸಂತೋಷ. ನಾಲ್ಕನೆಯದು ಏರಿತು, ಡ್ರಮ್ಮು ಗುಡುಗಿತು. ಭಾಗವತರು ಕಣ್ಣು ಬಿಟ್ಟರು.

“ಇದು ಪ್ರವೇಶಕ್ಕೆ ಬಾರಿಸೋದು. ಬಣ್ಣದ ವೇಷದ ಪ್ರವೇಶ. ರಾಕ್ಷಸ ಎಲ್ಲಿ?”

“ರಾಕ್ಷಸ ಇಲ್ಲ ಭಾಗವತ್ರೇ. ಜನ ಲಾಂಚಿಗೆ ಕಾಯ್ತಿದಾರೆ, ಅಷ್ಟೇ.”

“ಇಷ್ಟು ಅಬ್ಬರ ಕೊಟ್ಟು ರಾಕ್ಷಸನ್ನ ಕಳಿಸ್ದೆ ಇರೋದು ಮೋಸ ಅಲ್ವಾ? ಪ್ರೇಕ್ಷಕ ಎಂತ ಮಾಡ್ಬೇಕು?” ಎಂದರು. ಡ್ರಮ್ಮು ಇನ್ನೂ ಜೋರಾಯಿತು. ಅವರಿಂದ ತಡೆಯಲಾಗಲಿಲ್ಲ. ಹೆಗಲ ಶಾಲನ್ನು ಸೊಂಟಕ್ಕೆ ಬಿಗಿದು, ಎದ್ದು, ಕಣ್ಣು ದೊಡ್ಡದು ಮಾಡಿ, “ಹೂಂ... ಹ್ಹಾ!” ಎಂದು ಜಗಲಿಯ ಈ ತುದಿಯಿಂದ ಆ ತುದಿಗೆ ತಾವೇ ರಾಕ್ಷಸರಾಗಿ ಹಾರಿದರು. ಹಾರಿದ್ದು ಸರಿಯಾಯಿತು, ಇಳಿದದ್ದು ಸರಿಯಾಗಲಿಲ್ಲ. ಸೊಂಟ ಅಲ್ಲೇ ಹಿಡಿಯಿತು.

ಸೊಸೆ ಓಡಿಬಂದು ಎಣ್ಣೆ ತಿಕ್ಕಿದಳು. “ಈ ವಯಸ್ಸಲ್ಲಿ ಇವರಿಗೆ ಎಂತ ಕೇಳಿಸಿದ್ರಿ ನೀವು?” ಎಂದು ನನ್ನನ್ನು ಕೇಳಿದಳು. ನಾನು ಪುಸ್ತಕವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. ಐದನೆಯದನ್ನು ಹಾಕಲು ಧೈರ್ಯ ಬರಲಿಲ್ಲ. ಬೋರಲು ಮಲಗಿದ್ದ ಭಾಗವತರೇ ಕರೆದು ಹೇಳಿದರು:

“ಬರ್ಕೊ. ಪದ ಇಲ್ಲ, ಅರ್ಥ ಇಲ್ಲ, ವೇಷ ಇಲ್ಲ. ಆದ್ರೂ ನನ್ನ ಸೊಂಟ ಮುರೀತು. ಅಂದ್ರೆ ಒಳಗೆ ಎಂತದೋ ಇದೆ.”

ಮೂರು ಸಲ ಅಕ್ಷತೆ

ಅರಳಸುರಳಿ ಕಡೆ ಒಂದು ಮದುವೆ. ವಾಲಗದವರು ಘಟ್ಟದ ಕೆಳಗಿನಿಂದ ಬರಬೇಕಿತ್ತು. ಆಗುಂಬೆ ಘಾಟಿಯಲ್ಲಿ ಅವರ ಗಾಡಿ ಕೆಟ್ಟು ನಿಂತಿತು. ಮುಹೂರ್ತ ಹತ್ತಿರವಾಯಿತು. ಪುರೋಹಿತರು ಮಂಟಪದಿಂದಲೇ ಕೇಳಿದರು, “ಯಾರ ಹತ್ರಾದ್ರೂ ಎಂತಾದ್ರೂ ವಾದ್ಯ ಇದ್ಯಾ? ಸಿನಿಮಾ ಹಾಡು ಬೇಡ. ಮಾತು ಇರ್ಬಾರ್ದು.”

ಮಾತು ಇರಬಾರದು! ದೇವರೇ ಈ ಬಾಯಿಯಿಂದ ನನ್ನನ್ನು ಕರೆದ ಎಂದು ನನಗನಿಸಿತು. ಛತ್ರದ ತುಂಬ ಜನ. ಊಟ ಆಗದೆ ಒಬ್ಬರೂ ಏಳುವವರಲ್ಲ. ಮೈಕಿನವನಿಗೆ ಪೆನ್‌ಡ್ರೈವ್ ಕೊಟ್ಟೆ.

ಒಂದನೆಯದು ಮಾತುಕತೆಯಲ್ಲಿ ಕಳೆದುಹೋಯಿತು. ಎರಡನೆಯ ತುಣುಕಿನ ಸ್ವಭಾವವೇನೆಂದರೆ ಅದು ಒಂದಲ್ಲ, ಮೂರು ಸಲ ಏರಿ ಒಡೆಯುತ್ತದೆ. ಆ ಹೊತ್ತಿಗೆ ನಾನು ಒಂದೋ ನಿದ್ರೆ ಹೋಗಿರುತ್ತಿದ್ದೆ, ಇಲ್ಲವೇ ಕೇಳುವವರ ಮುಖ ನೋಡುತ್ತಿದ್ದೆ, ಎಷ್ಟು ಸಲ ಎಂದು ಎಣಿಸಿರಲಿಲ್ಲ. ಇನ್ನು ನಮ್ಮ ಜನರ ಸ್ವಭಾವವೇನೆಂದರೆ, ತಾಳಿ ಕಟ್ಟುವಾಗ ವಾದ್ಯವೆಲ್ಲ ಒಮ್ಮೆಲೇ ಜೋರಾಗುವ ಗಟ್ಟಿಮೇಳ ಕೇಳಿದರೆ ಸಾಕು, ಕಣ್ಣು ಮೊಬೈಲಿನಲ್ಲಿದ್ದರೂ ಕೈ ತಾನಾಗಿ ಅಕ್ಷತೆ ಎಸೆಯುತ್ತದೆ.

ಮೊದಲ ಸಲ ಒಡೆದಾಗ ಮದುಮಗ ಒಬ್ಬನೇ ಮಂಟಪದಲ್ಲಿದ್ದ. ಛತ್ರದ ಅಕ್ಷತೆ ಅರ್ಧಕ್ಕರ್ಧ ಅವನ ತಲೆಯ ಮೇಲೆ ಬಿತ್ತು. “ಅಯ್ಯೋ ನಿಲ್ಸಿ, ಹೆಣ್ಣೇ ಬಂದಿಲ್ಲ!” ಎಂದು ಪುರೋಹಿತರು ಕೈಯೆತ್ತಿದರು, ಆಶೀರ್ವಾದ ಮಾಡುತ್ತಿದ್ದಾರೆಂದು ಜನ ಇನ್ನಷ್ಟು ಎಸೆದರು. ಎರಡನೆಯ ಸಲ ಒಡೆದಾಗ ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದ್ದ ಚಿಕ್ಕಮ್ಮನ ಬೆನ್ನು ತುಂಬಿತು. ಮೂರನೆಯ ಸಲ ಫೋಟೋದವನು ಸಿಕ್ಕಿದ. ನಾನು ಜನರನ್ನು ದಾಟಿ, ಕಾಲು ತುಳಿದು, ಕ್ಷಮೆ ಕೇಳಿ, ಕಡೆಗೂ ಪೆನ್‌ಡ್ರೈವ್ ಕಿತ್ತೆ.

ನಿಜವಾದ ತಾಳಿ ಕಟ್ಟುವಾಗ ಸದ್ದೂ ಇಲ್ಲ, ಯಾರ ಕೈಯಲ್ಲೂ ಒಂದು ಕಾಳು ಅಕ್ಷತೆಯೂ ಇಲ್ಲ. ತಾಳಿ ಕಟ್ಟಿ ಆದಮೇಲೆ ಮದುಮಗನ ಅಜ್ಜಿ ಪಕ್ಕದವರನ್ನು “ಕಟ್ಟೋದು ಎಷ್ಟೊತ್ತಿಗೆ?” ಎಂದು ಕೇಳಿದರು.

ಊಟದ ಪಂಕ್ತಿಯಲ್ಲಿ ಪುರೋಹಿತರ ಅಭಿಪ್ರಾಯ ಕೇಳಿದೆ. ಹಪ್ಪಳ ಮುರಿಯುತ್ತ ಹೇಳಿದರು: “ಗಂಡಿಗೆ ಆಯ್ತು, ಚಿಕ್ಕಮ್ಮಂಗೆ ಆಯ್ತು, ಫೋಟೋದವ್ನಿಗೂ ಆಯ್ತು. ಹೆಣ್ಣು ಒಬ್ಳಿಗೆ ಮದುವೆ ಬಾಕಿ ಇದೆ.”

ಸೇತುವೆ

ಸಾಗರದ ಬಸ್ ನಿಲ್ದಾಣದಲ್ಲಿ ಹೊಳೆಯಾಚೆಯ ಅಜ್ಜ ಒಬ್ಬರು ಪಕ್ಕದಲ್ಲಿ ಕೂತಿದ್ದರು. ಆಯುಷ್ಯವೆಲ್ಲ ಲಾಂಚಿನಲ್ಲಿ ಓಡಾಡಿದವರು. ಇವರಿಗಿಂತ ಯೋಗ್ಯರಾದ ಕೇಳುಗರು ಯಾರು ಎಂದು ಫೋನು ಅವರ ಕಿವಿಗೆ ಹಿಡಿದೆ.

“ಎಂತ ಇದು?”

“ಲಾಂಚ್ ಬರುವ ತನಕ ಅಂತ ಹೆಸ್ರು ಅಜ್ಜ. ಕಾಯೋದು.”

ಅಜ್ಜ ಫೋನು ವಾಪಸು ಕೊಟ್ಟರು. “ಸೇತುವೆ ಆಗಿದೆ ತಮ್ಮ. ಇನ್ನೂ ಕಾಯ್ತಿದಾರಾ? ಪಾಪ, ಯಾರಾದ್ರೂ ಹೇಳ್ಬೇಕಿತ್ತು.”

ಕಣ್ಣೀರು ತರಿಸಿದ ಐದನೆಯದು

ಶ್ರಾವಣ ಬಂತು. ಹಬ್ಬ ಹತ್ತಿರವಾಯಿತು. ಪುಸ್ತಕದಲ್ಲಿ ಹೆಸರು ತುಂಬಿದ್ದವು, ಪೂರ್ತಿ ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ. ತಂಗಿಯ ಮಗಳ ಲ್ಯಾಬಿನ ಪಕ್ಕದಲ್ಲೇ ಒಬ್ಬರು ಹಲ್ಲಿನ ಡಾಕ್ಟರು. ಅವರ ಕುರ್ಚಿಯಲ್ಲಿ ಕೂತವರು ಏಳುವಂತಿಲ್ಲ, ಮಾತಾಡುವಂತಿಲ್ಲ, ನಿದ್ರೆ ಮಾಡಲಂತೂ ಸಾಧ್ಯವೇ ಇಲ್ಲ. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ! ಡಾಕ್ಟರು ಒಳ್ಳೆಯವರು, ಹಾಕುತ್ತೇನೆ ಎಂದರು.

ಒಳಗೆ ಹಲ್ಲು ಕೀಳಿಸದೆ ಉಳಿಸಿಕೊಳ್ಳಲು ಬಂದಿದ್ದವರು ನಿವೃತ್ತ ಗುಮಾಸ್ತರು. ನಾನು ಹೊರಗೆ ಬೆಂಚಿನಲ್ಲಿ ಪುಸ್ತಕ ಹಿಡಿದು, ಮನಸ್ಸಿನಲ್ಲೇ ನಾಮ ಹೇಳುತ್ತ ಕೂತೆ. ಒಂದು ಗಂಟೆಯ ಮೇಲೆ ಅವರು ದವಡೆ ಹಿಡಿದುಕೊಂಡು ಹೊರಬಂದರು. ನಾನು ಎದ್ದುನಿಂತು ಕೇಳಿದೆ.

“ಮೊದಲಿನ ನಾಲ್ಕು ಸಾಧಾರಣ” ಎಂದರು. ಬಾಯಿ ಅರ್ಧವೇ ಆಡುತ್ತಿತ್ತು. “ಆದ್ರೆ ಐದನೇದು ಇದೆಯಲ್ಲ! ಸಣ್ಣ ದನಿ. ಒಂದೇ ಸ್ವರ. ಒಂದೇ ಜಾಗ ಹಿಡಿದು ನೆಟ್ಟಗೆ ಮಿದುಳಿಗೇ ಹೋಗ್ತದೆ. ಕಣ್ಣಲ್ಲಿ ನೀರು ಬಂತು ನೋಡಿ.”

ನನ್ನ ಕಣ್ಣಲ್ಲೂ ಬಂತು. ಅಲ್ಲೇ ಬರೆದು, ಪಕ್ಕದ ಲ್ಯಾಬಿಗೆ ಓಡಿ ಓದಿ ಹೇಳಿದೆ. ಹುಡುಗಿ ಯಾರದೋ ಬೆರಳು ಹಿಡಿದುಕೊಂಡೇ ತಲೆಯೆತ್ತಿದಳು. “ಮಾವ, ಐದನೇದ್ರಲ್ಲಿ ಸಣ್ಣ ದನಿನೇ ಇಲ್ವಲ್ಲ.”

ಡಾಕ್ಟರನ್ನು ಹೋಗಿ ಕೇಳಿದೆವು. “ಐದನೇದು ಹಾಕ್ಲೇ ಇಲ್ಲ. ಹಲ್ಲು ಕೊರೆಯುವಾಗ ನಂಗೆ ಗಮನ ಬೇಕು ನೋಡಿ, ಆಫ್ ಮಾಡ್ದೆ” ಎಂದರು.

ಬರೆದದ್ದನ್ನು ಹೊಡೆದುಹಾಕಿ ತಿದ್ದಿದೆ: ‘ನಾಲ್ಕು ತುಣುಕು, ಸಾಧಾರಣ. ಡಾಕ್ಟರರ ಯಂತ್ರ, ಅತ್ಯುತ್ತಮ.’

ಹುಡುಗಿ ನಕ್ಕಳು, ನಕ್ಕು ಮುಖ ತಿರುಗಿಸಿದಳು. “ಸಾಕು ಮಾವ. ಆರ್ಕೆಸ್ಟ್ರಾದವ್ರಿಗೆ ಸೋಮವಾರ ಬನ್ನಿ ಅಂತ ಹೇಳಿದೀನಿ.”

ದೇವರ ಅಭಿಪ್ರಾಯ

ಮನುಷ್ಯರು ಮುಗಿದರು. ಇನ್ನು ಉಳಿದವನು ಒಬ್ಬನೇ. ನಮ್ಮ ಮನೆದೇವರ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಕ್ರಮವಿದೆ. ಭಟ್ಟರು ಒದ್ದೆ ಹೂವನ್ನು ದೇವರ ಮೇಲಿಡುತ್ತಾರೆ. ಬಲಗಡೆ ಬಿದ್ದರೆ ಆಗಬಹುದು, ಎಡಗಡೆ ಬಿದ್ದರೆ ಬೇಡ. ಮದುವೆ, ಮನೆ, ಬಾವಿ ಎಲ್ಲ ಕೇಳುತ್ತೇವೆ. ಶನಿವಾರ ಹೋಗಿ ಗಿಟಾರನ್ನೂ ಕೇಳಿಬಿಡೋಣ ಎಂದೆ.

“ಆದ್ರೆ ದೇವ್ರು ಮೊದಲು ಪೂರ್ತಿ ಕೇಳ್ಬೇಕು ಭಟ್ರೇ. ಕೇಳ್ದೆ ಅಭಿಪ್ರಾಯ ಹೇಳೋರು ಊರಲ್ಲಿ ಬೇಕಾದಷ್ಟು ಜನ ಇದಾರೆ.”

ಭಟ್ಟರು ಯೋಚಿಸಿ, “ದೇವರಿಗೆ ಎದ್ದು ಹೋಗೋ ಹಾಗೂ ಇಲ್ಲ” ಎಂದು ಒಪ್ಪಿದರು.

ಸಂಗತಿ ತಿಳಿದು ನೆರೆಹೊರೆಯವರೆಲ್ಲ ಬಂದರು. ಬಂದವರಿಗೆ ಊಟ ಎಂದಾಯಿತು. ಹೆಂಡತಿ ಗುಡಿಯ ಹಿಂದಿನ ಅಡಿಗೆಮನೆಗೆ ಸೇರಿದಳು. ಭಟ್ಟರು ಹೂವಿಟ್ಟರು. ಗುಡಿಯ ಮೈಕ್‌ಸೆಟ್ಟಿಗೆ ಪೆನ್‌ಡ್ರೈವ್ ಹಾಕಿದೆವು. ಮೊದಲನೆಯದು, ಎರಡನೆಯದು, ಮೂರನೆಯದು. ಮೌನದಲ್ಲಿ ಒಬ್ಬರು ಎದ್ದು ಗಂಟೆ ಹೊಡೆದರು, ಕೂರಿಸಿದೆವು. ನಾಲ್ಕನೆಯದೂ ದಾಟಿತು. ನಾನು ಕಂಬದಿಂದ ದೂರ ನಿಂತಿದ್ದೆ. ಐದನೆಯದು ಶುರುವಾಯಿತು, ಏರಿತು, ಇನ್ನೇನು ಒಡೆಯಬೇಕು...

ಕರೆಂಟು ಹೋಯಿತು.

ಫೋನಿನಲ್ಲಿ ಹಾಕೋಣವೆಂದರೆ ಆ ಗುಡಿಯಲ್ಲಿ ನೆಟ್‌ವರ್ಕ್ ಇಲ್ಲ. ಭಟ್ಟರು ಮೆಲ್ಲಗೆ, “ನಾಲ್ಕೂಮುಕ್ಕಾಲು ತುಣುಕು ಆಗಿದೆ. ಸಾಲ್ದಾ?” ಎಂದರು. ನನ್ನ ಬಗಲಲ್ಲಿ ಅರಿಶಿನ ಹಚ್ಚಿದ ಪುಸ್ತಕ. ಸಾಲದು ಎಂದೆ. ಹುಡುಗಿ ತಲೆ ತಗ್ಗಿಸಿ ಪೆನ್‌ಡ್ರೈವ್ ತೆಗೆಯಲು ಎದ್ದಳು.

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲು ಧಡಾರೆಂದಿತು. ಹೆಂಡತಿ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಹಂಡೆಯ ಮುಚ್ಚಳ ಹಿಡಿದು ಬಂದಳು.

“ಯಾರು ನಿಲ್ಸಿದ್ದು? ಇನ್ನೂ ದೊಡ್ಡ ಬಡಿತ ಬಂದಿಲ್ಲ. ನಾನು ಅನ್ನ ಯಾವಾಗ ಇಳಿಸ್ಲಿ?”

“ಕರೆಂಟ್ ಹೋಯ್ತು ಅತ್ತೆ” ಎಂದಳು ಹುಡುಗಿ.

“ಹೋದ್ರೆ ಹೋಗ್ಲಿ. ಎಲ್ಲಿಗೆ ನಿಂತಿತ್ತು? ಹಾಂ, ಅಲ್ಲಿಗೆ” ಎಂದು ಇವಳು ಅಲ್ಲೇ ನಿಂತು ಶುರುಮಾಡಿದಳು. ಬಾಯಲ್ಲಿ “ಟಿಂ... ಟಿಂ... ಟಿಟಿಂ...” ಸೌಟಿನಿಂದ ಮುಚ್ಚಳದ ಮೇಲೆ ಢಂ, ಢಂ, ಢಢಢಂ. ಎಲ್ಲಿ ತಗ್ಗಬೇಕೋ ತಗ್ಗಿದಳು, ಎಲ್ಲಿ ಏರಬೇಕೋ ಏರಿದಳು. ಒಂದು ಕಡೆ ‘ಟಿಂ’ ಅನ್ನುವ ಬದಲು ‘ಟ್ರಕ್’ ಎಂದಳು. ಹುಡುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕೊನೆಗೆ ದೊಡ್ಡ ಬಡಿತ ಬಂತು ನೋಡಿ, ಗುಡಿಯ ಮಾಡಿನ ಪಾರಿವಾಳವೆಲ್ಲ ಹಾರಿದವು.

ಮುಗಿಯಿತು. ಸೌಟು ಇಳಿಸಿ, “ಹಾಂ. ಈಗ ಇಳಿಸ್ಬೇಕು” ಎಂದು ಹೊರಟಳು. ಹುಡುಗಿ ಓಡಿಹೋಗಿ ಸೆರಗು ಹಿಡಿದಳು.

“ಅತ್ತೆ, ಆ ಟ್ರಕ್! ಅದು ನಾನು ತಪ್ಪಿದ್ದು. ಬೆರಳು ಜಾರಿತ್ತು. ಅದು ಯಾರಿಗೂ ಗೊತ್ತಿಲ್ಲ, ನಮ್ಮ ಡ್ರಮ್ಮಿನವ್ನಿಗೂ ಗೊತ್ತಿಲ್ಲ!”

“ತಪ್ಪಾ?” ಹೆಂಡತಿ ಗಾಬರಿಯಾದಳು. “ಅದನ್ನ ತೆಗೀಬೇಡ ಮಾರಾಯ್ತಿ. ನಾನು ಉರಿ ಸಣ್ಣ ಮಾಡೋದೇ ಅಲ್ಲಿಗೆ.”

ಆಗ ಎಲ್ಲ ಹೊರಬಂತು. ಒಂದನೆಯದು ಮುಗಿಯುವಾಗ ಹಾಲು ಕಾಯುತ್ತದೆ. ಎರಡನೆಯದರ ಮೂರನೇ ಬಡಿತಕ್ಕೆ ಬೇಳೆ ಬೇಯುತ್ತದೆ. ಮೂರನೆಯದರ ಮೌನದಲ್ಲಿ ಒಗ್ಗರಣೆ. ಸಾಸಿವೆ ಸಿಡಿಯುವುದು ಚೆನ್ನಾಗಿ ಕೇಳುತ್ತದಂತೆ. ನಾಲ್ಕಕ್ಕೆ ಅಕ್ಕಿ ಹಾಕಿದರೆ ಐದರ ದೊಡ್ಡ ಬಡಿತಕ್ಕೆ ಅನ್ನ. ಯುಗಾದಿಯಿಂದ ಒಂದು ದಿನ ತಪ್ಪಿಲ್ಲ.

“ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ನೀನು?” ಎಂದೆ.

“ನೀವು ಎಂತಕ್ಕೆ ಕೇಳ್ಲಿಲ್ಲ? ಮೇಷ್ಟ್ರು, ಭಾಗವತ್ರು, ಹಲ್ಲಿನ ಡಾಕ್ಟ್ರು ಅಂತ ಮೂರು ತಾಲ್ಲೂಕು ತಿರುಗಿದ್ರಿ. ಅಂಗಡಿಯಿಂದ ಅಡಿಗೆಮನೆಗೆ ಬರೋಕೆ ಬಸ್ಸು ಇರ್ಲಿಲ್ವಾ?”

ಅಷ್ಟು ಹೊತ್ತಿಗೆ ಯಾರಿಗೋ ಹೂವಿನ ನೆನಪಾಯಿತು. ತಿರುಗಿ ನೋಡಿದರೆ ದೇವರ ಮೇಲೆ ಹೂವಿಲ್ಲ. ಭಟ್ಟರು ತಲೆ ಕೆರೆದುಕೊಂಡರು. “ಬಿದ್ದಿದ್ದು ನಿಜ. ಯಾವ ಕಡೆ ಅಂತ ನಾ ನೋಡ್ಲಿಲ್ಲ. ನಾನು ಇವ್ರ ಸೌಟು ನೋಡ್ತಿದ್ದೆ.” ಪಾರಿವಾಳದ ರೆಕ್ಕೆಯ ಗಾಳಿಗೆ ಹೂವು ಹೊಸಿಲಿನ ತನಕ ಬಂದು ಕೂತಿತ್ತು. “ಸಂಶಯ ಇದ್ರೆ ಇನ್ನೊಂದ್ಸಲ ಇಡ್ತೀನಿ. ಆದ್ರೆ ಕ್ರಮ ಅಂದ್ರೆ ಕ್ರಮ, ಮೊದಲಿಂದ ಎಲ್ಲ ಕೇಳಿಸ್ಬೇಕು.”

ಗುಡಿಯಲ್ಲಿದ್ದ ಅಷ್ಟೂ ಜನ ಒಂದೇ ದನಿಯಲ್ಲಿ ಕೂಗಿದರು: “ಬಲಗಡೆ! ಬಲಗಡೆ! ನಾವು ಕಣ್ಣಾರೆ ನೋಡಿದೀವಿ!”

ಹುಡುಗಿ ಅಲ್ಲಿಂದಲೇ ಹೊರಗೆ ಓಡಿ, ನೆಟ್‌ವರ್ಕ್ ಸಿಗುವ ಬಂಡೆಯ ಮೇಲೆ ಹತ್ತಿ ನಿಂತು, ಸೋಮವಾರ ಬರಬೇಡಿ ಎಂದು ಆರ್ಕೆಸ್ಟ್ರಾದವರಿಗೆ ಹೇಳಿಬಂದಳು.

ನಾನು ಪುಸ್ತಕ ತೆರೆದೆ. ‘ಮನೆಯವಳು: ಐದಕ್ಕೆ ಐದು. ಪೂರ್ತಿ. ದಿನವೂ’ ಎಂದು ಬರೆದು, “ಅಭಿಪ್ರಾಯ?” ಎಂದು ಕೇಳಿದೆ.

ಹೆಂಡತಿ ಸೌಟನ್ನು ಗಲ್ಲಕ್ಕೆ ಒತ್ತಿ ಯೋಚಿಸಿದಳು. “ಬೆಳ್ತಿಗೆ ಅಕ್ಕಿಗೆ ಸರಿ ಇದೆ. ಕುಚ್ಚಲಕ್ಕಿ ಬೇಯೋದು ನಿಧಾನ, ಅದಕ್ಕೆ ಸಾಲಲ್ಲ. ಮುಂದಿನ ಸಲ ಒಂಚೂರು ಉದ್ದ ಮಾಡೆ.”

ಮೂರು ತಾಲ್ಲೂಕಿನಲ್ಲಿ ಆ ಆಲ್ಬಂ ಇನ್ನೂ ಉದ್ದ ಬೇಕಿತ್ತು ಎಂದವಳು ಇವಳೊಬ್ಬಳೇ. ಹುಡುಗಿ ಅದನ್ನು ಲ್ಯಾಬಿನ ಚೀಟಿಯ ಮೇಲೆ ಬರೆದುಕೊಂಡಳು.

ಈ ಗದ್ದಲದಲ್ಲಿ ಹಂಡೆ ಒಲೆಯ ಮೇಲೇ ಉಳಿದಿತ್ತು. ಊಟಕ್ಕೆ ಕೂತಾಗ ಅನ್ನ ಮುದ್ದೆಯಾಗಿ, ತಳ ಹತ್ತಿ, ಸೀದ ವಾಸನೆ ಬರುತ್ತಿತ್ತು. ಪಂಕ್ತಿಯಲ್ಲಿ ಅಷ್ಟೂ ಜನ ತಲೆ ಬಗ್ಗಿಸಿ ಉಂಡರು. ಕೇಳದೆ ಅಭಿಪ್ರಾಯ ಕೊಡುವ ನಮ್ಮ ಜನರಲ್ಲಿ ಅಂದು ಒಬ್ಬರೂ ಬಾಯಿ ಬಿಡಲಿಲ್ಲ. ಬಡಿಸುತ್ತಿದ್ದವಳು ಅವಳೇ, ಸೌಟು ಇನ್ನೂ ಅವಳ ಕೈಯಲ್ಲಿತ್ತು.